ಮುಖಪರಿಚಯದ ಪದ, ಒಡನಾಟದ ಪದ: ಇಂಗ್ಲಿಷ್ ಪದ ಕಲಿಯಲು ಯಾವ ದಾರಿ ಹಿಡಿಯಬೇಕು?

ಆಫೀಸಿನ ಒಂದು ಇಮೇಲ್ ಬರೆಯಲು ಕೂತಿದ್ದೀರಿ ಅಂದುಕೊಳ್ಳಿ. ಹೇಳಬೇಕಾದ್ದು ತಲೆಯಲ್ಲಿ ಕನ್ನಡದಲ್ಲಿ ನಿಚ್ಚಳವಾಗಿದೆ. ‘ಕೆಲಸ ಒಳ್ಳೆಯದೇ, ಆದರೆ ಇರುವ ಸಮಯದಲ್ಲಿ, ಇರುವ ಜನರಿಂದ ಆಗುವಂಥದ್ದಲ್ಲ.’ ಇಂಗ್ಲಿಷಿಗೆ ಬಂದಾಗ ಬೆರಳು ನಿಂತುಬಿಡುತ್ತದೆ. ಕೊನೆಗೆ ‘ವೆರಿ ಡಿಫಿಕಲ್ಟ್’ ಎಂದು ಬರೆದು ಕಳಿಸುತ್ತೀರಿ. ಸ್ವಲ್ಪ ಹೊತ್ತಿಗೆ ಬೇರೆಯವರ ಉತ್ತರದಲ್ಲಿ ‘ನಾಟ್ ಫೀಸಿಬಲ್’ ಎಂಬ ಮಾತು ಕಾಣುತ್ತದೆ. ಅಯ್ಯೋ, ಈ ಪದ ನನಗೂ ಗೊತ್ತಿತ್ತಲ್ಲ ಅನಿಸುತ್ತದೆ.

ಗೊತ್ತಿತ್ತು, ನಿಜ. ಆದರೆ ಅದು ಮುಖಪರಿಚಯ ಅಷ್ಟೇ. ಎದುರಾದರೆ ಗುರುತು ಸಿಗುತ್ತದೆ, ಕಷ್ಟಕ್ಕೆ ಕರೆಯೋಣ ಅಂದರೆ ಫೋನ್ ನಂಬರ್ ಇಲ್ಲ. ಒಡನಾಟದ ಪದ ಬೇರೆ. ಅದನ್ನು ಹುಡುಕಬೇಕಾಗಿಲ್ಲ, ತಾನಾಗಿ ಬಾಯಿಗೆ ಬರುತ್ತದೆ.

ಪದ ಕಲಿಯುವ ದಾರಿಗಳನ್ನು ಹೋಲಿಸುವಾಗ ನಾನು ಹಿಡಿದುಕೊಳ್ಳುವ ಅಳತೆಗೋಲು ಇದೊಂದೇ. ಈ ದಾರಿ ಹೊಸ ಮುಖಗಳ ಪರಿಚಯ ಮಾಡಿಸುತ್ತದಾ, ಅಥವಾ ಇರುವ ಪರಿಚಯವನ್ನು ಒಡನಾಟ ಮಾಡುತ್ತದಾ? ಎರಡೂ ಬೇಕು. ಆದರೆ ಕೆಲವು ವರ್ಷ ಇಂಗ್ಲಿಷಿನಲ್ಲಿ ಓದಿ, ಕೆಲಸ ಮಾಡಿದವರಿಗೆ ಜಾಸ್ತಿ ಬೇಕಾಗಿರುವುದು ಎರಡನೆಯದು. ಬಹಳ ಜನ ದುಡ್ಡು ಮತ್ತು ಸಮಯ ಸುರಿಯುವುದು ಮಾತ್ರ ಮೊದಲನೆಯದಕ್ಕೆ.

ನಿಮ್ಮದು ಯಾವುದು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕೆಲಸಕ್ಕೆ ಸಂಬಂಧಿಸಿದ ಎರಡು ಪುಟ ಇಂಗ್ಲಿಷ್ ತೆಗೆದುಕೊಳ್ಳಿ. ಅರ್ಥವೇ ಆಗದ ಪದಗಳಿಗೆ ಗೆರೆ ಎಳೆಯಿರಿ. ಅರ್ಥ ಆಗುತ್ತದೆ, ಆದರೆ ಕಳೆದ ಒಂದು ತಿಂಗಳಲ್ಲಿ ನೀವಾಗಿ ಬಳಸಿಲ್ಲ ಅನ್ನುವ ಪದಗಳಿಗೆ ಸುತ್ತು ಹಾಕಿ. ಗೆರೆ ಜಾಸ್ತಿ ಇದ್ದರೆ ಓದು ಬೇಕು. ಸುತ್ತು ಜಾಸ್ತಿ ಇದ್ದರೆ ಹೊಸ ಪದಗಳ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಿ.

ಎಷ್ಟು ಪದ ಸಾಕು?

ದಾರಿ ಹಿಡಿಯುವ ಮೊದಲು ದೂರ ಎಷ್ಟು ಅಂತ ನೋಡಬೇಕಲ್ವಾ? ಇಲ್ಲಿ ಪದಗಳನ್ನು ಕುಟುಂಬವಾಗಿ ಎಣಿಸುತ್ತಾರೆ. ಡಿಸೈಡ್, ಡಿಸಿಷನ್, ಡಿಸೈಸಿವ್ ಎಲ್ಲ ಸೇರಿ ಒಂದು ಕುಟುಂಬ. ಮೈಕಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಸಾಮಾನ್ಯ ಪದಗಳ ಪಟ್ಟಿಯಲ್ಲಿ ಸುಮಾರು 2000 ಮುಖ್ಯ ಪದಗಳಿದ್ದವು. ದಿನದ ಬಹುಪಾಲು ಮಾತುಕತೆ ಇಷ್ಟರಲ್ಲೇ ನಡೆಯುತ್ತದೆ. ಪದ ಕಲಿಕೆಯ ಬಗ್ಗೆ ಬಹಳ ಕೆಲಸ ಮಾಡಿದ ಪಾಲ್ ನೇಷನ್ 2006ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಡಿಕ್ಷನರಿಯ ಹಂಗಿಲ್ಲದೆ ಪುಸ್ತಕ, ಪತ್ರಿಕೆ ಓದಲು 8000ದಿಂದ 9000 ಪದಕುಟುಂಬ ಬೇಕು. ಮಾತು ಕೇಳಿ ಅರ್ಥ ಮಾಡಿಕೊಳ್ಳಲು 6000ದಿಂದ 7000 ಸಾಕು. ಪುಟದಲ್ಲಿರುವ ನೂರು ಪದಗಳಲ್ಲಿ 98 ಗೊತ್ತಿರಬೇಕು ಎಂಬ ಅಳತೆಯ ಮೇಲೆ ಮಾಡಿದ ಲೆಕ್ಕ ಇದು.

ಅಂದರೆ ನಮಗೆ ಬೇಕಾದ ‘ಅಡ್ವಾನ್ಸ್ಡ್’ ಪದಗಳು ಇರುವುದು 2000 ಮತ್ತು 9000ದ ನಡುವೆ. ಫೀಸಿಬಲ್, ಟೆಂಟೆಟಿವ್, ರಿಲಕ್ಟಂಟ್, ಟೀಡಿಯಸ್, ಕನ್ಸೈಸ್ ಇಂಥವು. ಯಾರೂ ಬಳಸದ, ಕೇಳಿದವರು ಹುಬ್ಬೇರಿಸುವ ಪದಗಳು ಅದರಾಚೆ ಇವೆ. ಅವುಗಳ ಮೋಹ ಬಿಟ್ಟರೆ ಅರ್ಧ ಭಾರ ಇಳಿಯುತ್ತದೆ.

ಪದಪಟ್ಟಿ: ಯಾವ ಪಟ್ಟಿ ಎಂಬುದೇ ಪ್ರಶ್ನೆ

ಪಟ್ಟಿಗಳಲ್ಲಿ ಎರಡು ಜಾತಿ. ಒಂದು, ಪ್ರವೇಶ ಪರೀಕ್ಷೆಗಳಿಗಾಗಿ ಮಾಡಿದ್ದು. ಅದರಲ್ಲಿ ಅಪರೂಪದ ಪದಗಳೇ ತುಂಬಿರುತ್ತವೆ, ಯಾಕೆಂದರೆ ಪರೀಕ್ಷೆಯ ಕೆಲಸವೇ ಜನರನ್ನು ಸೋಸುವುದು. ಇನ್ನೊಂದು, ನಿಜವಾದ ಬರಹಗಳಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಮಾಡಿದ್ದು. ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಈ ಎರಡನೆಯ ಜಾತಿಯದು. ಸುಮಾರು 35 ಲಕ್ಷ ಪದಗಳಷ್ಟು ಶೈಕ್ಷಣಿಕ ಬರಹವನ್ನು ಜಾಲಾಡಿ ಆರಿಸಿದ 570 ಕುಟುಂಬಗಳು ಅದರಲ್ಲಿವೆ. ಇಂಥ ಬರಹದಲ್ಲಿ ಸುಮಾರು ನೂರಕ್ಕೆ ಹತ್ತು ಪದ ಈ 570ರಿಂದಲೇ ಬರುತ್ತವೆ. ಆಕ್ಸ್‌ಫರ್ಡ್‌ನವರ 3000 ಮತ್ತು 5000 ಪದಗಳ ಪಟ್ಟಿಗಳೂ ಇವೆ. ಅವುಗಳಲ್ಲಿ ಪ್ರತಿ ಪದಕ್ಕೂ ಎ1 (ತೀರಾ ಆರಂಭದ್ದು), ಬಿ2 (ಮಧ್ಯಮಕ್ಕಿಂತ ಮೇಲಿನದು), ಸಿ1 (ಮುಂದುವರಿದದ್ದು) ಎಂದು ಕಲಿಕೆಯ ಮಟ್ಟ ಗುರುತಿಸಿದ್ದಾರೆ. ಕೆಲಸಕ್ಕೆ ಕಲಿಯುವವರಿಗೆ ಬಿ2 ಮತ್ತು ಸಿ1 ಗುರುತಿನ ಪದಗಳು ಚಿನ್ನದಂಥವು.

ಪರೀಕ್ಷೆ ಬರೆಯುವುದಿದ್ದರೆ ಮೊದಲ ಜಾತಿಯ ಪಟ್ಟಿ ತೆಗೆದುಕೊಳ್ಳಿ, ಬೇರೆ ಮಾತಿಲ್ಲ. ಕೆಲಸಕ್ಕಾದರೆ ಎರಡನೆಯದು. ಅದನ್ನೂ ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡಲು ಹೋಗಬೇಡಿ. ಪದಗಳ ಮೇಲೆ ಕಣ್ಣಾಡಿಸಿ, ಮುಖಪರಿಚಯ ಇರುವವನ್ನು ಮಾತ್ರ ಆರಿಸಿಕೊಳ್ಳಿ.

ಇಷ್ಟು ಗಟ್ಟಿಯಾಗಿ ಹೇಳಲು ನನಗೆ ಒಂದು ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಒಂದು ಪಟ್ಟಿಯಿಂದ ದಿನಕ್ಕೆ ಹತ್ತು ಪದ ಕಲಿಯುತ್ತಿದ್ದೆ. ‘ಎಗ್ರೀಜಿಯಸ್’ ಎಂಬ ಪದಕ್ಕೆ ಅದರಲ್ಲಿ ‘ಎದ್ದು ಕಾಣುವ’ ಎಂಬ ಅರ್ಥ ಕೊಟ್ಟಿತ್ತು. ತಂಡಕ್ಕೆ ಹೊಸದಾಗಿ ಬಂದಿದ್ದ ಒಬ್ಬರು ರಾತ್ರಿಯೆಲ್ಲ ಕೂತು ಒಂದು ವರದಿ ಮುಗಿಸಿದ್ದರು. ಹೊಗಳಬೇಕೆಂದು ಅವರ ಶ್ರಮಕ್ಕೆ ಈ ಪದ ಸೇರಿಸಿ ಎಲ್ಲರಿಗೂ ಇಮೇಲ್ ಕಳಿಸಿದೆ. ಆ ಪದ ಇವತ್ತು ಬಳಕೆಯಾಗುವುದು ಎದ್ದು ಕಾಣುವಷ್ಟು ಕೆಟ್ಟದ್ದಕ್ಕೆ ಮಾತ್ರ. ಅವರ ಮುಖ ಬಾಡಿದ್ದನ್ನು ನೋಡಿದ ಮೇಲೆ ಡಿಕ್ಷನರಿ ತೆಗೆದೆ. ಕ್ಷಮೆ ಕೇಳಿದೆ, ಅವರೂ ದೊಡ್ಡ ಮನಸ್ಸು ಮಾಡಿದರು. ಆದರೆ ಆವತ್ತಿನಿಂದ ಅರ್ಥ ಮಾತ್ರ ಕೊಟ್ಟು ವಾಕ್ಯ ಕೊಡದ ಪಟ್ಟಿಯನ್ನು ನಾನು ನಂಬುವುದಿಲ್ಲ. ಪದದ ಅರ್ಥ ಒಂದು, ಅದರ ಧಾಟಿ ಇನ್ನೊಂದು. ಪಟ್ಟಿ ಧಾಟಿಯನ್ನು ಕಲಿಸುವುದಿಲ್ಲ.

ಓದು: ನಿಧಾನ, ಆದರೆ ಧಾಟಿ ಸಿಗುವುದು ಇಲ್ಲೇ

ಕನ್ನಡದಲ್ಲಿ ನಾವು ಆಣೆ ‘ಇಡುತ್ತೇವೆ’, ಹರಕೆ ‘ಹೊರುತ್ತೇವೆ’, ಪಣ ‘ತೊಡುತ್ತೇವೆ’. ಹರಕೆ ಇಟ್ಟೆ, ಆಣೆ ತೊಟ್ಟೆ ಅಂದರೆ ಕಿವಿಗೆ ಕೆರೆದಂತಾಗುತ್ತದೆ. ಇದನ್ನು ಯಾರೂ ನಮಗೆ ಪಾಠ ಮಾಡಲಿಲ್ಲ. ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲೂ ಹಾಗೆಯೇ ಪದಕ್ಕೆ ಜೊತೆಗಾರರಿರುತ್ತಾರೆ. ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’. ಕನ್ಸರ್ನ್ ಅನ್ನು ‘ರೈಸ್’ ಮಾಡುತ್ತಾರೆ, ಇಶ್ಯೂವನ್ನು ‘ಅಡ್ರೆಸ್’ ಮಾಡುತ್ತಾರೆ, ಡೆಡ್‌ಲೈನನ್ನು ‘ಮೀಟ್’ ಮಾಡುತ್ತಾರೆ. ದೊಡ್ಡ ಪದ ಗೊತ್ತಿದ್ದೂ ಜೊತೆಗಾರ ತಪ್ಪಿದರೆ ಮಾತು ಕುಂಟುತ್ತದೆ. ಈ ಜೋಡಿಗಳು ಕೂರುವುದು ಓದಿನಿಂದ ಮತ್ತು ಕೇಳುವುದರಿಂದ.

ಹಾಗಂತ ಸುಮ್ನೆ ಓದಿದರೆ ಸಾಲದು. ಕಣ್ಣಿಗೆ ಒಂದು ಚಾಳಿ ಇದೆ. ಅರ್ಥ ಅಂದಾಜಾದ ತಕ್ಷಣ ಪದವನ್ನು ದಾಟಿ ಹೋಗುತ್ತದೆ. ಹಾಗಾಗಿ ವರ್ಷಗಟ್ಟಲೆ ಇಂಗ್ಲಿಷ್ ಪತ್ರಿಕೆ ಓದುವವರಿಗೂ ಬರೆಯುವಾಗ ಅದೇ ನಾಲ್ಕು ಪದ ಬರುತ್ತವೆ. ಓದು ಮುಖಪರಿಚಯವನ್ನು ಗಟ್ಟಿ ಮಾಡುತ್ತದೆ. ಅದನ್ನು ಒಡನಾಟ ಮಾಡಲು ಇನ್ನೊಂದು ಹೆಜ್ಜೆ ಬೇಕು. ಓದು ಮುಗಿದ ಮೇಲೆ ಪುಟ ಮುಚ್ಚಿ, ಅದರ ಸಾರವನ್ನು ಮೂರು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಮೂಲದ ಜೊತೆ ಇಟ್ಟು ನೋಡಿ. ನೀವು ‘ಬಿಕಮ್ ಲೆಸ್’ ಎಂದು ಬರೆದ ಕಡೆ ಅವರು ‘ಡಿಕ್ಲೈನ್’ ಎಂದು ಬರೆದಿರುತ್ತಾರೆ. ಆ ವ್ಯತ್ಯಾಸವೇ ನಿಮ್ಮ ಆ ದಿನದ ಪಾಠ.

ಏನು ಓದಬೇಕು? ನೂರಕ್ಕೆ 98 ಪದದ ಅಳತೆ ನೆನಪಿದೆಯಲ್ಲ. ಐವತ್ತು ಪದಕ್ಕೆ ಒಂದೇ ಹೊಸ ಪದ ಸಿಗುವಂಥ ಬರಹ ಸರಿ. ಐದಾರು ಸಿಗುತ್ತಿದ್ದರೆ ಅದು ಓದಲ್ಲ, ಗುಂಡಿ ತೋಡುವುದು. ನಿಮ್ಮ ಕೆಲಸದ್ದೇ ವಿಷಯ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಸಿಕ್ಕ ಪದಕ್ಕೆ ಮರುದಿನವೇ ಕೆಲಸ ಸಿಗುತ್ತದೆ.

ಕಾರ್ಡ್ ಮತ್ತು ಆ್ಯಪ್: ಮರೆವಿಗೆ ಮದ್ದು

ಕಲಿತದ್ದು ಹೇಗೆ ಮರೆಯುತ್ತದೆ ಎಂಬುದನ್ನು ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿ ನೋಡಿದ. ಅರ್ಥವಿಲ್ಲದ ಅಕ್ಷರ ಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಮೊದಲು ಬಹಳ ಬೇಗ, ಆಮೇಲೆ ನಿಧಾನ. ಹಾಗಾಗಿ ಒಂದೇ ದಿನ ಇಪ್ಪತ್ತು ಸಲ ಉರು ಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಕೊಟ್ಟು ನೆನಪಿಸಿಕೊಳ್ಳುವುದು ಮೇಲು.

1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೆ ಒಂದು ಪೆಟ್ಟಿಗೆಯ ಉಪಾಯವನ್ನು ಜನರ ಮುಂದಿಟ್ಟರು. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಬರೆದ ಕಾರ್ಡುಗಳಿಗೆ ಪೆಟ್ಟಿಗೆಯಲ್ಲಿ ಕೆಲವು ಮನೆಗಳು. ಸರಿಯಾಗಿ ನೆನಪಾದ ಕಾರ್ಡ್ ಮುಂದಿನ ಮನೆಗೆ ಹೋಗುತ್ತದೆ, ಮತ್ತೆ ನೋಡುವುದು ತಡವಾಗಿ. ತಪ್ಪಾದರೆ ಮೊದಲ ಮನೆಗೆ ವಾಪಸ್. ಇದೇ ಕೆಲಸವನ್ನು ಕಂಪ್ಯೂಟರ್ ಮಾಡುವ ಹಾಗೆ ಸೂಪರ್‌ಮೆಮೊ ಎಂಬ ತಂತ್ರಾಂಶ 1987ರಲ್ಲಿ ಬಂತು, 2006ರಲ್ಲಿ ‘ಅಂಕಿ’ (Anki) ಎಂಬ ಇನ್ನೊಂದು ಬಂತು. ಅಂಕಿ ಅಂದರೆ ಜಪಾನಿ ಭಾಷೆಯಲ್ಲಿ ಬಾಯಿಪಾಠ. ಕಂಪ್ಯೂಟರಿನಲ್ಲಿ ಅದು ಉಚಿತ.

ರಟ್ಟಿನ ಪೆಟ್ಟಿಗೆಯೋ ಆ್ಯಪ್ಪೋ? ಇನ್ನೂರು ಪದದ ಒಳಗಾದರೆ ಪೆಟ್ಟಿಗೆಯೇ ಚೆಂದ. ಕೈಯಲ್ಲಿ ಬರೆದದ್ದು ನೆನಪಿರುತ್ತದೆ, ನೋಟಿಫಿಕೇಶನ್‌ಗಳ ಕಾಟ ಇಲ್ಲ. ಅದಕ್ಕಿಂತ ಜಾಸ್ತಿ ಆದರೆ ಯಾವ ಕಾರ್ಡ್ ಯಾವ ದಿನ ಎಂಬ ಲೆಕ್ಕವನ್ನು ಆ್ಯಪ್ಪಿಗೆ ಬಿಡಿ. ಆದರೆ ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡಿನ ಗಂಟನ್ನು ಇಳಿಸಿಕೊಳ್ಳಬೇಡಿ. ಎರಡು ವಾರ ಬಿಟ್ಟರೆ ಐನೂರು ಕಾರ್ಡ್ ಬಾಗಿಲಲ್ಲಿ ನಿಂತಿರುತ್ತವೆ. ಅಲ್ಲಿಗೆ ಜನ ಕೈಬಿಡುತ್ತಾರೆ.

ಕಾರ್ಡ್ ಬರೆಯುವ ರೀತಿ ಇನ್ನೂ ಮುಖ್ಯ. ಮುಂದೆ ಇಂಗ್ಲಿಷ್ ಪದ, ಹಿಂದೆ ಕನ್ನಡ ಅರ್ಥ ಬರೆದರೆ ಅದು ಮತ್ತೆ ಮುಖಪರಿಚಯವೇ. ತಿರುಗಿಸಿ ಬರೆಯಿರಿ. ಮುಂದೆ ನಿಮ್ಮದೇ ಸಂದರ್ಭದ ಕನ್ನಡ ವಾಕ್ಯ: ‘ದಿನಾಂಕ ಇನ್ನೂ ಪಕ್ಕಾ ಅಲ್ಲ, ಸದ್ಯಕ್ಕೆ ಇಟ್ಟುಕೊಂಡಿದ್ದೇವೆ.’ ಹಿಂದೆ ಇಂಗ್ಲಿಷ್: ‘ದ ಡೇಟ್ ಈಸ್ ಟೆಂಟೆಟಿವ್.’ ಕನ್ನಡ ನೋಡಿ ಇಂಗ್ಲಿಷ್ ಬಾಯಿಗೆ ಬರಬೇಕು. ಇಮೇಲ್ ಬರೆಯುವಾಗ ತಲೆಯಲ್ಲಿ ನಡೆಯುವುದು ಇದೇ ಅಲ್ವಾ?

ಬೇರು ಹಿಡಿದು ಕಲಿಯುವುದು

ಸ್ಪೆಕ್ಟ್ ಅಂದರೆ ನೋಡು. ಹಾಗಾಗಿ ಇನ್‌ಸ್ಪೆಕ್ಟ್, ರೆಟ್ರೋಸ್ಪೆಕ್ಟ್, ಪರ್ಸ್‌ಪೆಕ್ಟಿವ್. ಡಿಕ್ಟ್ ಅಂದರೆ ಹೇಳು. ಹಾಗಾಗಿ ಪ್ರೆಡಿಕ್ಟ್, ಕಾಂಟ್ರಡಿಕ್ಟ್, ವರ್ಡಿಕ್ಟ್. ಒಂದು ಬೇರಿಗೆ ಹತ್ತು ಪದ ಎಂಬ ಈ ದಾರಿ ನೋಡಲು ಬಹಳ ಆಕರ್ಷಕ. ವೈದ್ಯಕೀಯ, ಕಾನೂನು, ವಿಜ್ಞಾನದವರಿಗೆ ಇದರಿಂದ ದೊಡ್ಡ ಲಾಭ ಇದೆ. ಅಲ್ಲಿನ ಪದಗಳು ಲ್ಯಾಟಿನ್ ಮತ್ತು ಗ್ರೀಕ್ ತುಂಡುಗಳನ್ನು ಜೋಡಿಸಿ ಕಟ್ಟಿದಂಥವು.

ಆಫೀಸಿನ, ಮನೆಯ ಮಾತಿಗೆ ಇದು ಅಷ್ಟು ನಂಬಿಕಸ್ತ ದಾರಿ ಅಲ್ಲ. ಯಾಕೆ ಎಂದು ಕನ್ನಡದವರಿಗೆ ವಿವರಿಸುವುದು ಸುಲಭ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ, ಎಲ್ಲದರಲ್ಲೂ ‘ಹಾರ’ ಇದೆ. ಬೇರು ಗೊತ್ತಿದ್ದವನು ಊಟಕ್ಕೂ ಹೊಡೆತಕ್ಕೂ ಇರುವ ನಂಟನ್ನು ಊಹಿಸಬಲ್ಲನೇ? ಹಾಗೆಯೇ ರೆಫರ್, ಪ್ರಿಫರ್, ಕನ್ಫರ್, ಇನ್ಫರ್. ‘ಫರ್’ ಅಂದರೆ ಹೊರು ಎಂದು ತಿಳಿದರೂ ಅರ್ಥ ತಾನಾಗಿ ಹೊಳೆಯುವುದಿಲ್ಲ. ಮೊದಲು ಹೇಳಿದ ಎಗ್ರೀಜಿಯಸ್ ಪದದ ಲ್ಯಾಟಿನ್ ಮೂಲದಲ್ಲಿ ‘ಹಿಂಡಿನಿಂದ ಹೊರಗೆ ನಿಂತದ್ದು’ ಎಂಬ ಒಳ್ಳೆಯ ಅರ್ಥವೇ ಇತ್ತು. ಒಂದು ಕಾಲಕ್ಕೆ ಇಂಗ್ಲಿಷಿನಲ್ಲೂ ಅದು ಹೊಗಳಿಕೆಯಾಗಿತ್ತು. ಪದ ತಿರುಗಿ ನಿಂತಿತು, ಬೇರು ಅದನ್ನು ಹೇಳುವುದಿಲ್ಲ.

ಕೆಲವೊಮ್ಮೆ ನಮ್ಮ ಭಾಷೆಯೇ ಕೈಹಿಡಿಯುತ್ತದೆ. ‘ಇನ್‌ವ್ಯಾಲ್ಯುಯಬಲ್’ ಪದದ ಮುಂದಿರುವ ‘ಇನ್’ ನೋಡಿ ಬೆಲೆ ಇಲ್ಲದ್ದು ಎಂದುಕೊಳ್ಳುವವರಿದ್ದಾರೆ. ‘ಅಮೂಲ್ಯ’ ನೆನಪಿಸಿಕೊಳ್ಳಿ. ಅದೇ ಕಟ್ಟು, ಅದೇ ಅರ್ಥ. ಬೆಲೆ ಕಟ್ಟಲಾಗದ್ದು.

ನನ್ನ ಸಲಹೆ ಇಷ್ಟು. ಬೇರನ್ನು ಪದ ಊಹಿಸಲು ಬಳಸಬೇಡಿ. ಅರ್ಥ ಗೊತ್ತಾದ ಪದವನ್ನು ನೆನಪಿಡಲು ಬಳಸಿ.

ದಿನಕ್ಕೊಂದು ಪದ ಕಳಿಸುವ ಸೇವೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದಲು ಖುಷಿ. ಆದರೆ ಆ ಪದವನ್ನು ಆರಿಸಿದವರಿಗೆ ನಿಮ್ಮ ಕೆಲಸ ಗೊತ್ತಿಲ್ಲ.

ಯಾವ ಡಿಕ್ಷನರಿ?

ಇಂಗ್ಲಿಷ್–ಕನ್ನಡ ನಿಘಂಟು ಬೇಗ ಅರ್ಥ ಕೊಡುತ್ತದೆ. ಓದುವಾಗ ತಡೆಯಾಗದಿರಲು ಅದೇ ಸರಿ. ಬಳಸಲು ಕಲಿಯುವಾಗ ಮಾತ್ರ ಅದು ಸಾಲದು. ಮಿಟಿಗೇಟ್, ಅಲೀವಿಯೇಟ್, ರಿಡ್ಯೂಸ್ ಮೂರಕ್ಕೂ ಅಲ್ಲಿ ‘ಕಡಿಮೆ ಮಾಡು’ ಎಂದೇ ಸಿಗಬಹುದು. ರಿಸ್ಕನ್ನು, ಕೆಟ್ಟ ಪರಿಣಾಮವನ್ನು ಮಿಟಿಗೇಟ್ ಮಾಡುತ್ತಾರೆ. ನೋವನ್ನು, ಒತ್ತಡವನ್ನು ಅಲೀವಿಯೇಟ್ ಮಾಡುತ್ತಾರೆ. ಖರ್ಚನ್ನು ರಿಡ್ಯೂಸ್ ಮಾಡಿದರೆ ಸಾಕು. ಈ ಭೇದ ತಿಳಿಯಲು ಭಾಷೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ಡಿಕ್ಷನರಿ ಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಇಂಥ ನಿಘಂಟನ್ನು 1942ರಲ್ಲಿ ಅಲ್ಲೇ ಹೊರತಂದರು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರಿಂದ ಬೆಳೆದದ್ದು. ಇಂಥವುಗಳಲ್ಲಿ ಅರ್ಥವನ್ನು ಸರಳ ಪದಗಳಲ್ಲೇ ಬರೆದಿರುತ್ತಾರೆ, ಉದಾಹರಣೆ ವಾಕ್ಯ ಇರುತ್ತದೆ, ಪದ ಔಪಚಾರಿಕವೋ ಆಡುಮಾತೋ ಎಂಬ ಗುರುತೂ ಇರುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರರದ್ದೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಪುಸ್ತಕ, ಬೇರೆ ಥರದ ವಸ್ತು. ಪೀಟರ್ ಮಾರ್ಕ್ ರಾಜೆ 1852ರಲ್ಲಿ ಪ್ರಕಟಿಸಿದಾಗಿನಿಂದ ಬರೆಯುವವರ ಮೇಜಿನ ಮೇಲಿದೆ. ಆದರೆ ಅದು ಗೊತ್ತಿರುವ ಪದವನ್ನು ನೆನಪಿಸಲು ಇರುವುದು, ಗೊತ್ತಿಲ್ಲದ ಪದವನ್ನು ಕೊಡಲು ಅಲ್ಲ. ಕ್ಯಾಂಡಿಡ್ ಮತ್ತು ಬ್ಲಂಟ್ ಅದರಲ್ಲಿ ಅಕ್ಕಪಕ್ಕ ಇರಬಹುದು. ಕ್ಯಾಂಡಿಡ್ ಅಂದರೆ ಮುಚ್ಚುಮರೆ ಇಲ್ಲದ ಮಾತು. ಬ್ಲಂಟ್ ಅಂದರೆ ಮುಖಕ್ಕೆ ಹೊಡೆದ ಹಾಗೆ ಆಡುವ ಮಾತು. ಮ್ಯಾನೇಜರಿಗೆ ‘ಥ್ಯಾಂಕ್ಸ್ ಫಾರ್ ಬೀಯಿಂಗ್ ಕ್ಯಾಂಡಿಡ್’ ಎಂದು ಬರೆಯಬಹುದು. ಎರಡನೆಯದನ್ನು ಬರೆಯುವ ಮುಂಚೆ ಯೋಚಿಸಿ. ಮುಖಪರಿಚಯವೂ ಇಲ್ಲದ ಪದವನ್ನು ಥೆಸಾರಸ್‌ನಿಂದ ಎತ್ತಿ ಇಮೇಲಿಗೆ ಹಾಕಬೇಡಿ.

ನಮ್ಮ ಬಾಯಿಂದಲೇ ಶುರು ಮಾಡುವುದು

ಇದು ನನಗೆ ಎಲ್ಲಕ್ಕಿಂತ ಪ್ರೀತಿಯ ದಾರಿ. ದುಡ್ಡು ಬೇಕಿಲ್ಲ, ಆ್ಯಪ್ ಬೇಕಿಲ್ಲ. ದಿನಾ ನಾವು ಕನ್ನಡದಲ್ಲಿ ಬಳಸುವ ಪದವೊಂದನ್ನು ತೆಗೆದುಕೊಳ್ಳಿ. ‘ಬೇಜಾರು’ ತೆಗೆದುಕೊಳ್ಳೋಣ. ಮಾಡಲು ಏನೂ ಇಲ್ಲದೆ ಕೂತರೂ ಬೇಜಾರು. ಸ್ನೇಹಿತ ಮಾತಿಗೆ ತಪ್ಪಿದರೂ ಬೇಜಾರು. ಅಂದುಕೊಂಡ ಫಲಿತಾಂಶ ಬರದಿದ್ದರೂ ಬೇಜಾರು. ಅದೇ ಕೆಲಸವನ್ನು ನೂರು ಸಲ ಮಾಡಿ ಸಾಕಾದರೂ ಬೇಜಾರು. ಕನ್ನಡದಲ್ಲಿ ದನಿಯೇ ವ್ಯತ್ಯಾಸ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಪದ: ಬೋರ್ಡ್, ಹರ್ಟ್, ಡಿಸಪಾಯಿಂಟೆಡ್, ಫೆಡ್ ಅಪ್. ಉತ್ಸಾಹವೇ ಕುಗ್ಗಿಹೋದರೆ ಡಿಸ್‌ಹಾರ್ಟನ್ಡ್. ಕೆಲಸವೇ ಬೇಜಾರು ಹುಟ್ಟಿಸುವಂಥದ್ದಾದರೆ ಟೀಡಿಯಸ್. ಎಲ್ಲದಕ್ಕೂ ‘ಐ ಆ್ಯಮ್ ಸ್ಯಾಡ್’ ಎಂದು ಹೇಳುತ್ತಿದ್ದವರಿಗೆ ಒಂದೇ ಸಂಜೆಯಲ್ಲಿ ಆರು ಪದ ಸಿಕ್ಕಿತು. ಆರೂ ಮುಂಚೆ ಕೇಳಿದವೇ.

ನಮ್ಮ ಮಾತಿನಲ್ಲಿ ಬೆರೆತುಹೋದ ಇಂಗ್ಲಿಷ್ ಪದಗಳನ್ನು ಹೀಗೆ ಬಿಡಿಸುವುದು ಇನ್ನೂ ಚೆನ್ನಾಗಿರುತ್ತದೆ. ‘ಟೆನ್ಷನ್’ ನೋಡಿ. ನಾಳೆಯ ಸಂದರ್ಶನಕ್ಕೆ ನರ್ವಸ್. ಮನೆಯವರ ಆರೋಗ್ಯಕ್ಕೆ ವರೀಡ್ ಅಥವಾ ಆ್ಯಂಕ್ಷಸ್. ಕೆಲಸದ ಹೊರೆಗೆ ಸ್ಟ್ರೆಸ್ಡ್. ಎಲ್ಲಿಂದ ಶುರು ಮಾಡಬೇಕೋ ತೋಚದಷ್ಟಾದರೆ ಓವರ್‌ವೆಲ್ಮ್ಡ್. ‘ಅಡ್ಜಸ್ಟ್ ಮಾಡಿಕೊಳ್ಳಿ’ ಕೂಡ ಹಾಗೆಯೇ. ಹೊಸ ಜಾಗಕ್ಕೆ ಹೊಂದಿಕೊಳ್ಳುವುದು ಅಡಾಪ್ಟ್. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು ಕಾಂಪ್ರಮೈಸ್. ಬೇರೆಯವರ ಅನುಕೂಲಕ್ಕೆ ಜಾಗ ಮಾಡಿಕೊಡುವುದು ಅಕಾಮೊಡೇಟ್. ಇಷ್ಟವಿಲ್ಲದಿದ್ದರೂ ಸಹಿಸಿಕೊಳ್ಳುವುದು ಪುಟ್ ಅಪ್ ವಿತ್. ಆಫೀಸಿನಲ್ಲಿ ‘ಪ್ಲೀಸ್ ಅಡ್ಜಸ್ಟ್’ ಎಂದು ಬರೆಯುವ ಬದಲು ‘ಕುಡ್ ಯು ಅಕಾಮೊಡೇಟ್ ದಿಸ್ ಚೇಂಜ್?’ ಎಂದು ಬರೆದರೆ ಕೇಳಿದ್ದು ಏನು ಎಂಬುದು ಸ್ಪಷ್ಟವಾಗುತ್ತದೆ.

‘ಮುಂದಕ್ಕೆ ಹಾಕು’ ಕೂಡ ಬಿಡಿಸಲು ಒಳ್ಳೆಯದು. ಡಿಲೇ ಅಂದರೆ ತಡ. ಅದರಲ್ಲಿ ತಪ್ಪು ಯಾರದೋ ಇದೆ ಎಂಬ ನೆರಳು ಸುಳಿಯಬಹುದು. ಪೋಸ್ಟ್‌ಪೋನ್ ಅಂದರೆ ಯೋಚಿಸಿಯೇ ಮುಂದಕ್ಕೆ ಹಾಕಿದ್ದು. ಗ್ರಾಹಕರಿಗೆ ಬರೆಯುವಾಗ ಯಾವ ಪದ ಬಳಸಿದಿರಿ ಎಂಬುದರ ಮೇಲೆ ಅವರ ಉತ್ತರದ ಧಾಟಿಯೂ ಬದಲಾಗುತ್ತದೆ.

ಕನ್ನಡದಿಂದ ಶುರು ಮಾಡುವುದರಲ್ಲಿ ಒಂದು ಅಪಾಯವೂ ಇದೆ. ವಾಕ್ಯದ ಕಟ್ಟು ಕನ್ನಡದ್ದೇ ಉಳಿದುಬಿಡಬಹುದು. ನಾವು ‘ಅದರ ಬಗ್ಗೆ ಚರ್ಚಿಸೋಣ’ ಅನ್ನುತ್ತೇವೆ. ಹಾಗಾಗಿ ‘ಡಿಸ್ಕಸ್ ಅಬೌಟ್’ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಡಿಸ್ಕಸ್ ಒಳಗೇ ‘ಬಗ್ಗೆ’ ಸೇರಿಕೊಂಡಿದೆ, ‘ಡಿಸ್ಕಸ್ ದ ಪ್ಲಾನ್’ ಅಂದರೆ ಮುಗಿಯಿತು. ‘ಎಕ್ಸ್‌ಪ್ಲೇನ್ ಮಿ’ ಅಲ್ಲ, ‘ಎಕ್ಸ್‌ಪ್ಲೇನ್ ಟು ಮಿ’. ಹೀಗಾಗಿ ಪದವನ್ನು ಕನ್ನಡದಿಂದ ಹುಡುಕಿ, ವಾಕ್ಯವನ್ನು ಡಿಕ್ಷನರಿಯಿಂದ ತೆಗೆದುಕೊಳ್ಳಿ.

ಮಾತಿನ ಜೊತೆಗಾರರು: ಮನುಷ್ಯರು ಮತ್ತು ಎಐ

ಪದ ಒಡನಾಟಕ್ಕೆ ಬರುವುದು ಬಳಸಿದಾಗ. ಅದಕ್ಕೆ ಎದುರಿಗೆ ಯಾರಾದರೂ ಬೇಕು. ಸಹೋದ್ಯೋಗಿಯೊಬ್ಬರ ಜೊತೆ ವಾರಕ್ಕೆರಡು ದಿನ ಹದಿನೈದು ನಿಮಿಷ ಇಂಗ್ಲಿಷಿನಲ್ಲೇ ಮಾತು ಎಂದು ಗೊತ್ತುಮಾಡಿಕೊಂಡರೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ಅಂಥವರು ಸಿಗದವರಿಗೆ, ತಪ್ಪಾದೀತು ಎಂದು ಸಂಕೋಚ ಪಡುವವರಿಗೆ, ಎಐ ಚಾಟ್‌ಗಳು ನಿಜವಾಗಿ ಸಹಾಯ ಮಾಡುತ್ತವೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ದಾರಿ ಎಲ್ಲರಿಗೂ ತೆರೆಯಿತು. ಎಷ್ಟು ಸಲ ಕೇಳಿದರೂ ಅದಕ್ಕೆ ಬೇಸರವಿಲ್ಲ.

ಆದರೆ ಕೇಳುವ ರೀತಿ ಗೊತ್ತಿರಬೇಕು. ‘ಇದನ್ನು ಪ್ರೊಫೆಷನಲ್ ಆಗಿ ಬರೆದುಕೊಡು’ ಎಂದರೆ ಅದು ಬರೆಯುತ್ತದೆ, ನೀವು ಕಲಿಯುವುದಿಲ್ಲ. ಜೊತೆಗೆ ನಿಮ್ಮ ಸರಳ ವಾಕ್ಯಕ್ಕೆ ಬೇಡದ ಒಡವೆ ತೊಡಿಸಿಬಿಡುವುದೂ ಉಂಟು. ಹೀಗೆ ಕೇಳಿ: ‘ನಾನು ಬರೆದ ಈ ವಾಕ್ಯದಲ್ಲಿ ರಿಲಕ್ಟಂಟ್ ಸರಿಯಾಗಿ ಕೂತಿದೆಯಾ? ಹೆಸಿಟಂಟ್ ಹಾಕಿದರೆ ಧಾಟಿ ಹೇಗೆ ಬದಲಾಗುತ್ತದೆ?’ ಬರೆಯುವುದು ನೀವು, ನೋಡಿ ಹೇಳುವುದು ಅದು. ಅದರ ಉತ್ತರ ಅನುಮಾನ ತಂದರೆ ಡಿಕ್ಷನರಿಯನ್ನೇ ಕೊನೆಯ ಮಾತು ಎಂದು ತಿಳಿಯಿರಿ.

ಉಚ್ಚಾರ ಮರೆಯಬೇಡಿ

ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ. ಆ ಅಭ್ಯಾಸವೇ ಇಲ್ಲಿ ಕಾಲೆಳೆಯುತ್ತದೆ. ‘ಸಟ್ಲ್’ ಪದದಲ್ಲಿ, ‘ಡೆಟ್’ ಪದದಲ್ಲಿ ಬರೆಯುವಾಗ ಬಿ ಇದೆ, ನುಡಿಯುವಾಗ ಇಲ್ಲ. ‘ರಿಸೀಟ್’ನಲ್ಲಿ ಪಿ ಹಾಗೆಯೇ. ‘ಎಪಿಟಮಿ’ಯನ್ನು ಎಪಿಟೋಮ್ ಎಂದು ಓದಿಕೊಂಡು ಕಲಿತವರಿಗೆ, ಯಾರಾದರೂ ಮಾತಿನಲ್ಲಿ ಬಳಸಿದಾಗ ಅದೇ ಪದ ಎಂದು ಹೊಳೆಯುವುದೇ ಇಲ್ಲ. ಒತ್ತು ಬೀಳುವ ಜಾಗವೂ ಮುಖ್ಯ. ಫೋಟೋಗ್ರಾಫ್‌ನಲ್ಲಿ ಮೊದಲ ಭಾಗಕ್ಕೆ ಒತ್ತು, ಫೋಟೋಗ್ರಾಫರ್‌ನಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ಓದು, ಪಟ್ಟಿ, ಕಾರ್ಡ್ ಮೂರೂ ಇದನ್ನು ಕಲಿಸುವುದಿಲ್ಲ. ಪ್ರತಿ ಹೊಸ ಪದಕ್ಕೂ ಡಿಕ್ಷನರಿಯಲ್ಲಿರುವ ಸ್ಪೀಕರ್ ಗುರುತು ಒತ್ತಿ, ಕೇಳಿ, ಎರಡು ಸಲ ಜೋರಾಗಿ ಹೇಳಿ. ಕೆಲಸದಲ್ಲಿ ಬರವಣಿಗೆಗಿಂತ ಮೀಟಿಂಗ್ ಜಾಸ್ತಿ ಇರುವವರು ಓದಿನ ಅರ್ಧ ಸಮಯವನ್ನು ಪಾಡ್‌ಕಾಸ್ಟ್ ಕೇಳಲು ಕೊಡುವುದು ಒಳ್ಳೆಯದು.

ದೊಡ್ಡ ಪದ ಬೇಕೋ, ಸಣ್ಣ ಪದ ಸಾಕೋ?

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಮಾತಿಗೆ ಫ್ರೆಂಚ್ ಪದಗಳು ಹರಿದು ಬಂದವು. ಆಮೇಲೆ ಲ್ಯಾಟಿನ್ ಪದಗಳೂ ನೇರವಾಗಿ ಸೇರಿದವು. ಹಾಗಾಗಿ ಒಂದೇ ಅರ್ಥಕ್ಕೆ ಮೂರು ಮೆಟ್ಟಿಲು ಸಿಗುತ್ತವೆ: ಆಸ್ಕ್, ಕ್ವೆಶ್ಚನ್, ಇಂಟರೊಗೇಟ್. ಮೊದಲನೆಯದು ಮನೆಯ ಮಾತು, ಕೊನೆಯದು ಪೊಲೀಸರ ಮಾತು. ನಮಗೆ ಇದು ಹೊಸದಲ್ಲ. ಊಟ ಮತ್ತು ಭೋಜನ, ನೀರು ಮತ್ತು ಜಲ ಎಲ್ಲಿ ಯಾವುದು ಎಂದು ಕನ್ನಡದ ಮಗುವಿಗೂ ಗೊತ್ತು. ಗೆಳೆಯನಿಗೆ ‘ಜಲ ಕೊಡು’ ಎಂದು ಯಾರೂ ಕೇಳುವುದಿಲ್ಲ. ಆಫೀಸಿನ ಇಂಗ್ಲಿಷಿನಲ್ಲಿ ಯೂಸ್ ಬಿಟ್ಟು ಯುಟಿಲೈಸ್, ಬಿಗಿನ್ ಬಿಟ್ಟು ಕಮೆನ್ಸ್ ಬರೆಯುವುದು ಹಲವು ಸಲ ಅಂಥದ್ದೇ. ಅಮೆರಿಕದಲ್ಲಂತೂ ಸರ್ಕಾರಿ ಬರಹ ಜನರಿಗೆ ಅರ್ಥ ಆಗುವ ಹಾಗೆ ಇರಬೇಕು ಎಂದು 2010ರಲ್ಲಿ ಕಾನೂನನ್ನೇ ಮಾಡಿದರು.

ಹಾಗಾದರೆ ದೊಡ್ಡ ಪದ ಯಾವಾಗ? ಅದು ಒಂದು ಇಡೀ ವಾಕ್ಯದ ಕೆಲಸ ಮಾಡುವಾಗ. ‘ಎರಡು ಥರ ಅರ್ಥ ಆಗುವ ಹಾಗೆ ಇದೆ’ ಎಂಬುದಕ್ಕೆ ಆಂಬಿಗ್ಯುಯಸ್. ‘ಹೀಗಾಗದಿದ್ದರೆ ಏನು ಮಾಡಬೇಕು ಎಂಬ ಯೋಜನೆ’ಗೆ ಕಾಂಟಿಂಜೆನ್ಸಿ ಪ್ಲಾನ್. ಸಣ್ಣ ಪದ ಇದೇ ಕೆಲಸವನ್ನು ಮಾಡುತ್ತಿದ್ದರೆ ದೊಡ್ಡದಕ್ಕೆ ಕಾರ್ಡ್ ಬರೆಯಬೇಡಿ.

ಯಾರಿಗೆ ಯಾವುದು?

ದಿನಕ್ಕೆ ಹತ್ತೇ ನಿಮಿಷ ಇರುವವರು ಕನ್ನಡ ವಾಕ್ಯದ ಕಾರ್ಡ್ ಹಿಡಿಯಿರಿ. ವಾರಕ್ಕೆ ಐದು ಹೊಸ ಕಾರ್ಡ್ ಸಾಕು. ವರ್ಷಕ್ಕೆ 260 ಪದ ಆಗುತ್ತದೆ, ಅದೂ ಬಾಯಿಗೆ ಬರುವಂಥವು. ಅರ್ಧ ಗಂಟೆ ಇದ್ದರೆ ಇಪ್ಪತ್ತು ನಿಮಿಷ ಓದು ಮತ್ತು ಮೂರು ವಾಕ್ಯದ ಸಾರ, ಉಳಿದದ್ದು ಕಾರ್ಡ್. ಪರೀಕ್ಷೆ ಹತ್ತಿರ ಇರುವವರು ಪರೀಕ್ಷೆಯ ಪಟ್ಟಿ ಮತ್ತು ಆ್ಯಪ್. ಮುಗಿದ ಮೇಲೆ ಆ ಪಟ್ಟಿಯ ಋಣ ಮುಗಿಯಿತು ಎಂದು ತಿಳಿಯಿರಿ. ಸಂದರ್ಶನಕ್ಕೆ ತಯಾರಾಗುವವರಿಗೆ ಹೊಸ ಪದ ಬೇಡವೇ ಬೇಡ. ನಿಮ್ಮದೇ ಕೆಲಸದ ಕತೆಯನ್ನು ಐದು ಸಲ ಜೋರಾಗಿ ಹೇಳಿ, ತಡವರಿಸಿದ ಕಡೆ ಬೇಕಾದ ಪದ ಯಾವುದು ಎಂದು ನೋಡಿ. ಕಾನೂನು, ವೈದ್ಯಕೀಯದವರು ಬೇರುಗಳಿಗೆ ಸಮಯ ಕೊಡಿ. ಈಗಷ್ಟೇ ಇಂಗ್ಲಿಷ್ ಓದು ಶುರು ಮಾಡಿದವರು ಅಡ್ವಾನ್ಸ್ಡ್ ಪದಗಳ ಗೊಡವೆಗೆ ಹೋಗದೆ ಮೊದಲ 3000ವನ್ನು ಗಟ್ಟಿ ಮಾಡಿಕೊಳ್ಳಿ.

ಎಲ್ಲರಿಗೂ ಇನ್ನೊಂದು ಮಾತು. ಮೂರು ತಿಂಗಳಿಗೊಮ್ಮೆ ಕಾರ್ಡುಗಳನ್ನು ಹರಡಿಕೊಂಡು ಕೂತುಕೊಳ್ಳಿ. ಅಷ್ಟು ದಿನದಲ್ಲಿ ಇಮೇಲಿಗಾಗಲಿ ಮಾತಿಗಾಗಲಿ ಒಮ್ಮೆಯೂ ಬೇಕಾಗದ ಪದವನ್ನು ತೆಗೆದುಹಾಕಿ. ಆ ಜಾಗಕ್ಕೆ, ಈ ವಾರ ನೀವು ‘ವೆರಿ ಡಿಫಿಕಲ್ಟ್’ ಎಂದು ಬರೆದ ಇಮೇಲನ್ನು ತೆರೆದು, ಅಲ್ಲಿ ಬರಬೇಕಾಗಿದ್ದ ಪದವನ್ನು ಬರೆದುಕೊಳ್ಳಿ.